ಅರವತ್ತೊಂದನೆಯ ಸೇರು

ಸರಸಂಬಾ
18 ಜುಲೈ 1989

ಶಮಶಾದ,

ಪೆನ್ಸಿಲ್ಲಿನಲ್ಲಿ ಬರೆದದ್ದಕ್ಕೆ ಬೈಯಬೇಡ. ಅಂಗಾತ ಮಲಗಿ ಕಾಗದವನ್ನು ಮುಖದ ಮೇಲೆ ಹಿಡಿದು ಬರೆದರೆ ಪೆನ್ನಿನ ಶಾಯಿ ಇಳಿಯುವುದಿಲ್ಲ. ಹೊಲಿಗೆ ಬಿಚ್ಚಿ ಹನ್ನೆರಡು ದಿನವಾಯಿತು. ಅಪೆಂಡಿಕ್ಸ್ ಹೊಟ್ಟೆಯೊಳಗೇ ಒಡೆದಿತ್ತಂತೆ. ಇನ್ನು ಮೂರು ತಿಂಗಳು ಒಂದು ಕೊಡ ನೀರನ್ನೂ ಎತ್ತಬಾರದು ಎಂದು ಸೊಲ್ಲಾಪುರದ ಡಾಕ್ಟರು ಹೇಳಿ ಕಳಿಸಿದ್ದಾರೆ. ಸುಭದ್ರಾಬಾಯಿ ಅಜ್ಜಿಯ ಪ್ರಕಾರ ಕಾರಣವೇ ಬೇರೆ: "ಹಗಲು ರಾತ್ರಿ ಬರೇ ಕಾಗದಾ ತಿಂದಿ. ಹೊಟ್ಟಿ ಒಡೀದೆ ಏನ್ ಮಾಡ್ತದ ಬೇ?"

ಅಜ್ಜಿ ಹೇಳುವ ಕಾಗದ ನಿನಗೆ ಗೊತ್ತು. ಆಳಂದದ ಹಾಸ್ಟೆಲಿನಲ್ಲಿ ನನ್ನ ಟ್ರಂಕಿನಲ್ಲಿದ್ದ ಕರಪತ್ರಗಳು, ಕಿರುಹೊತ್ತಿಗೆಗಳು. ಈಗ ಅವುಗಳ ಜೊತೆಗೆ ಇನ್ನೊಂದು ಸೇರಿದೆ. ಸೊಲ್ಲಾಪುರದ ಸ್ಟೇಷನ್ನಿನಲ್ಲಿ ಕೊಂಡದ್ದು, ಅರವತ್ತನಾಲ್ಕು ಪುಟ: ಕಂಪ್ಯೂಟರಿಗೆ ಬೇಸಿಕ್ ಭಾಷೆಯಲ್ಲಿ ಆಜ್ಞೆ ಬರೆಯುವುದು ಹೇಗೆ ಎಂದು. ಮೂರು ಸಲ ಓದಿದೆ. ಹತ್ತು, ಇಪ್ಪತ್ತು, ಮೂವತ್ತು ಎಂದು ಸಾಲುಗಳಿಗೆ ನಂಬರು ಹಾಕಿ ಬರೆಯಬೇಕು. ಯಂತ್ರ ಒಂದೊಂದೇ ಸಾಲು ಓದಿ, ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತದೆ. ಯಾರ ಮನೆಯವಳು, ಯಾವ ಓಣಿಯವಳು ಎಂದು ಕೇಳುವುದಿಲ್ಲ. ಇಂಥ ಒಂದು ವಸ್ತು ಲೋಕದಲ್ಲಿದೆ ಎಂದು ತಿಳಿದ ದಿನ ಗುಳಿಗೆ ನುಂಗುವುದು ಸ್ವಲ್ಪ ಸುಲಭವಾಯಿತು.

ಈಗ ಮುಖ್ಯ ಮಾತು. ಗುಲ್ಬರ್ಗದಲ್ಲಿ ಹೊಸ ತರಬೇತಿ ಕೇಂದ್ರ ತೆರೆಯುತ್ತಿದ್ದಾರೆ. ಹಳ್ಳಿಯ ಹುಡುಗಿಯರಿಗೆ ಎರಡು ಸೀಟು. ವರ್ಷ ಕಲಿಸಿ ಕೆಲಸಕ್ಕೂ ಹಚ್ಚುತ್ತಾರಂತೆ. ನವೆಂಬರ್ ಇಪ್ಪತ್ತಕ್ಕೆ ಪರೀಕ್ಷೆ, ಕಂಪ್ಯೂಟರಿನ ಮುಂದೆ ಕೂತು. ಇನ್ನು ಕಳೆ ಕೀಳಲು, ರಾಶಿ ಹೊರಲು ಈ ಹೊಟ್ಟೆಯಿಂದ ಆಗುವುದಿಲ್ಲ. ಈ ಸೀಟು ತಪ್ಪಿದರೆ ಎಪ್ಪತ್ತು ವರ್ಷದ ಅಜ್ಜಿಯ ರಟ್ಟೆಯ ಮೇಲೆ ಬದುಕಬೇಕು. ಅದು ನನ್ನಿಂದಾಗದು.

ನಮ್ಮಿಬ್ಬರ ಅರ್ಜಿಯನ್ನೂ ಕಳಿಸಿದ್ದೇನೆ. ಹೌದು, ಇಬ್ಬರದೂ. ನಿನ್ನ ಸಹಿ ನಾನೇ ಹಾಕಿದೆ. ಕೇಳಿದ್ದರೆ ಅಬ್ಬಾರನ್ನು ಕೇಳುತ್ತೇನೆ ಎನ್ನುತ್ತಿದ್ದೆ.

ಅಫಜಲಪುರದಲ್ಲಿ ನೀನು ಟೈಪಿಸ್ಟ್ ಆಗಿರುವ ಸಂಘದ ಕಚೇರಿಗೆ ಕಂಪ್ಯೂಟರ್ ಬಂದಿದೆ ಎಂದು ಹೋದ ತಿಂಗಳು ಬರೆದಿದ್ದೆಯಲ್ಲ. ನಾನು ಇಲ್ಲಿ ಬರೆದು ಕಳಿಸುತ್ತೇನೆ. ನೀನು ಅದನ್ನು ಯಂತ್ರಕ್ಕೆ ಟೈಪು ಮಾಡಿ, ಅದು ಏನು ಉತ್ತರ ಕೊಟ್ಟಿತೋ ಅದನ್ನು ಇದ್ದ ಹಾಗೆ ಕಳಿಸು. ತಪ್ಪಿದ್ದರೆ ತಪ್ಪೆಂದೇ ಬರಲಿ. ಮೊದಲನೆಯದು ಈ ಹಾಳೆಯ ಹಿಂಬದಿಯಲ್ಲಿದೆ.

ಸುಮಿತ್ರಾ


ಅಫಜಲಪುರ
27 ಜುಲೈ 1989

ಸುಮಿತ್ರಾ,

ನನ್ನ ಸಹಿಯನ್ನು ನನಗಿಂತ ಚೆನ್ನಾಗಿ ಹಾಕುತ್ತೀ ಎಂದು ಹಾಸ್ಟೆಲಿನ ರಜೆ ಚೀಟಿಗಳಿಂದಲೇ ಗೊತ್ತು. ಆದರೂ ಬೈಯುತ್ತೇನೆ. ಬೈದೆ ಎಂದುಕೋ.

ಯಂತ್ರಕ್ಕೆ ಇಲ್ಲಿ ನನಗಿಂತ ದೊಡ್ಡ ಮರ್ಯಾದೆ. ಅದರ ಕೋಣೆಗೆ ಮಾತ್ರ ತಣ್ಣನೆ ಗಾಳಿ, ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂಬ ಬೋರ್ಡು. ಅದು ಬಂದ ದಿನವೇ ಮ್ಯಾನೇಜರ್ ದೌಲತರಾಯರು ಅದಕ್ಕೆ ಕುಂಕುಮ ಹಚ್ಚಿದ್ದಾರೆ. ಊಟದ ಹೊತ್ತಿನಲ್ಲಿ ಆಪರೇಟರನ್ನು ಕೇಳಿ ಹತ್ತು ನಿಮಿಷ ಕೂತೆ. ನಿನ್ನ ಐದು ಸಾಲು ಟೈಪು ಮಾಡಿದೆ. ಎರಡು ಅಂಕಿ ಕೂಡಿಸಿ 42 ಎಂದು ಹಸಿರು ಅಕ್ಷರದಲ್ಲಿ ತೋರಿಸಿತು. ಸರಿಯಾಗಿದೆ. ಯಾಕೋ ಕಣ್ಣಲ್ಲಿ ನೀರು ಬಂತು. ಆಪರೇಟರ್ ಅಂದ, "ಯಾಕ್ರಿ ಬಾಯಿ, ಕೂಡಸೂದು ಮೊದಲ ಬರ್ತಿದ್ದಿಲ್ಲೇನ್ರಿ?"

ಮೊದಲು ಗಾಯ ಒಣಗಲಿ. ಆಮೇಲೆ ಕ್ರಾಂತಿ.

ಶಮಶಾದ


ಸರಸಂಬಾ
9 ಆಗಸ್ಟ್ 1989

ಶಮಶಾದ,

ನಲವತ್ತೆರಡು! ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ನಾನು ಬಾವಿಯವರೆಗೆ ನಡೆದು ಬರುತ್ತಿದ್ದೇನೆ. ಗಾಯ ಒಣಗಿದೆ. ಚಿಂತೆ ಬೇಡ.

ಎರಡನೆಯ ಪ್ರೋಗ್ರಾಮು ಕಳಿಸುತ್ತಿದ್ದೇನೆ. ಇದರ ಹೆಸರು ಪಾಳಿ. ಸೊಲ್ಲಾಪುರದಲ್ಲಿ ಡಾಕ್ಟರ ಬಾಗಿಲ ಮುಂದೆ ನಾನು ನೋವು ಹಿಡಿದುಕೊಂಡು ಮುಂಜಾನೆ ಏಳರಿಂದ ಕೂತಿದ್ದೆ. ನನ್ನ ನಂತರ ಬಂದವರು ನಾಲ್ಕು ಜನ ಮೊದಲು ಒಳಗೆ ಹೋದರು. ಒಬ್ಬರು ಯಾರದೋ ಬೀಗರು, ಒಬ್ಬರು ಜೀಪಿನಲ್ಲಿ ಬಂದವರು. ಬಾಗಿಲು ಕಾಯುವವನಿಗೆ ಅದು ಅನ್ಯಾಯ ಅನ್ನಿಸಲೇ ಇಲ್ಲ. ಅವನು ಕೆಟ್ಟವನಲ್ಲ, ಮನುಷ್ಯ ಅಷ್ಟೇ, ಮುಖ ನೋಡುತ್ತಾನೆ. ನನ್ನ ಪ್ರೋಗ್ರಾಮು ಮುಖ ನೋಡುವುದಿಲ್ಲ. ಒಂದನೆಯವರನ್ನು ಕರೆಯುತ್ತದೆ, ಒಂದು ಕೂಡಿಸುತ್ತದೆ, ಎರಡನೆಯವರನ್ನು ಕರೆಯುತ್ತದೆ. ಇಪ್ಪತ್ತು ಜನರಿಗೆ ಬರೆದಿದ್ದೇನೆ.

ನಮಗೆ ಕನಿಕರ ಸಾಕಷ್ಟು ಸಿಕ್ಕಿದೆ ಶಮಶಾದ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲ ಕಡೆ. ಬೇಕಾದದ್ದು ಪಾಳಿ.

ಸುಮಿತ್ರಾ


ಅಫಜಲಪುರ
2 ಸೆಪ್ಟೆಂಬರ್ 1989

ಸುಮಿತ್ರಾ,

ತಡವಾಯಿತು. ಕಚೇರಿಯಲ್ಲಿ ಕೆಲಸ ಹೆಚ್ಚು. ಅಚ್ಚು ಮಾಡುವ ಯಂತ್ರದ ರಿಬ್ಬನ್ನು ಮುಗಿದಿದೆ, ಉತ್ತರವನ್ನು ಕೈಯಲ್ಲೇ ಬರೆದಿದ್ದೇನೆ. ಒಂದರಿಂದ ಇಪ್ಪತ್ತರವರೆಗೆ ಕ್ರಮವಾಗಿ ಬಂತು, ನಿಂತಿತು. ತಪ್ಪಿಲ್ಲ.

ಬಾವಿಯವರೆಗೆ ನಡೆದದ್ದು ಸಂತೋಷ. ಮೆಟ್ಟಿಲು ಇಳಿಯಬೇಡ.

ಶಮಶಾದ


ಸರಸಂಬಾ
20 ಸೆಪ್ಟೆಂಬರ್ 1989

ಶಮಶಾದ,

ಆರು ಸಾಲಿನ ಪತ್ರ ಬರೆಯುವಷ್ಟು ಕೆಲಸವೇ? ಟಪಾಲಿನ ದಾವಲಸಾಬ ಕಾಕಾ ಕವರನ್ನು ತಿರುವಿ ನೋಡಿ, "ಒಳಗ ಅಫಜಲಪುರ ಅಂತೀ, ಠಸ್ಸೆ ಜೇವರ್ಗಿದು ಅದ. ನಿನ್ ಗೆಳತಿ ಎಲ್ಲಿದ್ದಾಳವ್ವಾ?" ಎಂದರು. ವಾರಕ್ಕೊಮ್ಮೆ ಜೇವರ್ಗಿಯ ಮನೆಗೆ ಹೋಗಿ ಅಬ್ಬಾನ ಕೈಯ ಖಿಚಡಿ ತಿನ್ನುವ ಭಾಗ್ಯವಂತೆ ಎಂದೆ. ನನಗೆ ಇಲ್ಲಿ ಗಂಜಿ.

ಎರಡು ಪ್ರೋಗ್ರಾಮು, ಒಂದೂ ತಪ್ಪಿಲ್ಲ! ಪುಸ್ತಕದಲ್ಲಿ "ಆರಂಭಿಕರಿಗೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಬರುತ್ತದೆ, ಎದೆಗುಂದಬಾರದು" ಎಂದಿದೆ. ನಾನು ಆ ಹತ್ತನೆಯವಳು. ಜಂಬ ಎನ್ನು. ಮಲಗಿದವಳಿಗೆ ಅಷ್ಟು ಜಂಬ ಇರಲಿ.

ಮೂರನೆಯದು ನಿಜವಾದ ಕೆಲಸಕ್ಕೆ. ನಮ್ಮ ಓಣಿಯಲ್ಲಿ ಬಾಣಂತಿಯರ ಗಡಿಗೆ ಶುರು ಮಾಡಿದ್ದೇವೆ. ಹನ್ನೆರಡು ಮನೆಯವರು ಆದಷ್ಟು ಜೋಳ ಹಾಕುವುದು, ಹೆರಿಗೆಯೋ ಆಪರೇಷನ್ನೋ ಆದ ಮನೆಗೆ ಅದು ಹೋಗುವುದು. ನಾನು ಮಲಗಿಯೇ ಭಾಷಣ ಮಾಡಿದೆ, ಎಲ್ಲರೂ ಸುತ್ತ ಕೂತು ಕೇಳಿದರು. ಮೊದಲು ಹಾಕಿದವಳು ಮೂಲೆಮನೆಯ ಗಂಗಾಬಾಯಿ, ಒಂದೇ ಸೇರು, ಅವಳಲ್ಲಿ ಇದ್ದದ್ದೇ ಅಷ್ಟು. ಹನ್ನೆರಡು ಮನೆಯ ಸೇರುಗಳನ್ನು ಒಂದೊಂದಾಗಿ ಓದಿ, ಕೂಡಿಸಿ, ಒಟ್ಟು ಹೇಳುವ ಪ್ರೋಗ್ರಾಮು ಇದು.

ಪರೀಕ್ಷೆಗೆ ಎರಡು ತಿಂಗಳು. ನಾನು ಪಾಸಾಗುತ್ತೇನೆ.

ಸುಮಿತ್ರಾ


ಅಫಜಲಪುರ
6 ಅಕ್ಟೋಬರ್ 1989

ಸುಮಿತ್ರಾ,

ಒಟ್ಟು ಅರವತ್ತು ಸೇರು. ಸರಿಯಾಗಿ ನಡೆಯಿತು. ರಿಬ್ಬನ್ನು ಇನ್ನೂ ಬಂದಿಲ್ಲ.

ಗಂಗಾಬಾಯಿಗೆ ನನ್ನ ಸಲಾಂ ಹೇಳು.

ಶಮಶಾದ


ಸರಸಂಬಾ
14 ಅಕ್ಟೋಬರ್ 1989

ಶಮಶಾದ,

ಗಡಿಗೆಯಲ್ಲಿ ಇರುವುದು ಅರವತ್ತೊಂದು.

ಮೂರು ದಿನ ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ಒಂದೊಂದು ಸಾಲನ್ನೂ ಯಂತ್ರ ಓದುವ ಹಾಗೆ ಓದಿದೆ. ಎಲ್ಲಿಯೂ ಒಂದು ಸೇರು ಸೋರುವ ಜಾಗವಿಲ್ಲ. ಜ್ವರ ಏರಿತು. ಕೊನೆಗೆ ಅಜ್ಜಿ ಬಂದು ಕೇಳಿದಳು, "ಏನ್ ಹುಡುಕಾಕತ್ತೀ ಬೇ, ಹೇನಾ?" ಹೇಳಿದೆ. ಕಂಪ್ಯೂಟರ್ ಎಂದರೇನೆಂದು ಅವಳಿಗೆ ಗೊತ್ತಿಲ್ಲ. ಆದರೆ ಕೇಳಿದ ಕೂಡಲೇ ನಕ್ಕಳು. "ಅಯ್ಯ, ಅಷ್ಟೂ ತಿಳೀವಲ್ದೇನ? ದೇವರ ಸೇರು ಬ್ಯಾರೆ ತಗದಿಟ್ಟಾರ. ಅಳದಾಂವ ಯಾರೋ ಛಲೋ ಮನಶಾ ಇರಬೇಕು."

ರಾಶಿ ಅಳೆಯುವಾಗ ನಮ್ಮ ಕಣಗಳಲ್ಲಿ ಮಾಡುವುದು ಅದೇ ಅಲ್ಲವೇ? ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. ಲಾಭ ಎಂದು ಕೂಗಿ, ಜಂಗಮನಿಗೋ ಫಕೀರನಿಗೋ ಎಂದು ಬದಿಗೆ ಸುರಿಯುತ್ತಾರೆ. ಎಣಿಕೆ ಎರಡನೆಯ ಸೇರಿನಿಂದ. ಸೊಲ್ಲಾಪುರದಿಂದ ಲಾರಿಯಲ್ಲಿ ಬಂದ ಯಂತ್ರಕ್ಕೆ ಈ ಪದ್ಧತಿ ಯಾರು ಕಲಿಸಿದರು ಶಮಶಾದ?

ಜೇವರ್ಗಿಯ ಠಸ್ಸೆ. ಮುಗಿದ ರಿಬ್ಬನ್ನು. ಆರು ಸಾಲಿನ ಪತ್ರ. ನಿಮ್ಮ ಅಬ್ಬಾ ಹುಸೇನಸಾಬರು ಅಡತಿ ಅಂಗಡಿಯಲ್ಲಿ ಕಾಳು ಅಳೆಯುವವರು. ನಾನು ದಡ್ಡಿ, ಆದರೆ ಇಷ್ಟು ದಡ್ಡಿಯಲ್ಲ.

ಯಾರೂ ನನಗೆ ರಿಯಾಯಿತಿ ಕೊಡದ ಒಂದೇ ಒಂದು ಜಾಗ ಕೇಳಿದೆ. ಅಲ್ಲಿಯೂ ನೀನು ಬಂದು ಕೂತೆ, ಕನಿಕರ ಹಿಡಿದುಕೊಂಡು. ನನಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದೇ ಈಗ ನನಗೆ ಗೊತ್ತಿಲ್ಲ. ಪರೀಕ್ಷೆಗೆ ಐದು ವಾರ.

ಸುಮಿತ್ರಾ


ಜೇವರ್ಗಿ
22 ಅಕ್ಟೋಬರ್ 1989

ಸುಮಿತ್ರಾ,

ಈ ಸಲ ಊರಿನ ಹೆಸರು ನಿಜ.

ಆಗಸ್ಟ್ ಐದಕ್ಕೆ ನನ್ನನ್ನು ಕೆಲಸದಿಂದ ಬಿಡಿಸಿದರು. ಕಂಪ್ಯೂಟರ್ ಬಂದಮೇಲೆ ಹಂಗಾಮಿ ಟೈಪಿಸ್ಟ್ ಯಾಕೆ ಎಂದರು. ಹದಿನೈದು ದಿನಕ್ಕೆ ಆಪರೇಟರನಿಗೂ ವರ್ಗವಾಯಿತಂತೆ. ಈಗ ಕೋಣೆಗೆ ಬೀಗ, ಯಂತ್ರಕ್ಕೆ ಹೊದಿಕೆ. ನಿನ್ನ ಪಾಳಿಯ ಪತ್ರ ಅಲ್ಲಿಗೆ ಹೋಗಿ, ಅಲ್ಲಿಂದ ಜೇವರ್ಗಿಗೆ ತಿರುಗಿ ಬಂತು. ನಲವತ್ತೆರಡು ಎಂಬ ಅಂಕಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ ಎಂದು ನೀನು ಬರೆದಿದ್ದೆ. ಯಂತ್ರವಿಲ್ಲ ಎಂದು ಬರೆಯಲು ಕೂತೆ. ಕೈ ಬರಲಿಲ್ಲ.

ಆಮೇಲೆ ನಾನೇ ಯಂತ್ರವಾದೆ. ಮೊರದಲ್ಲಿ ಜೋಳ ಹರವಿ, ನಿನ್ನ ಒಂದೊಂದು ಸಾಲು ಓದುತ್ತ ಕಾಳು ಸರಿಸುತ್ತಿದ್ದೆ. ಒಂದು ಪ್ರೋಗ್ರಾಮಿಗೆ ಅರ್ಧ ದಿನ. ಗಡಿಗೆಯ ಲೆಕ್ಕದ ದಿನ ನನಗೆ ತಲೆನೋವು. ಅಬ್ಬಾ ಹತ್ತಿರ ಕೂತು, "ಲಾ ಬೇಟಿ, ನೀ ಓದು, ನಾ ಸರಸ್ತೀನಿ" ಎಂದರು. ಒಂದು ಕಾಳಿಗೆ ಒಂದು ಸೇರು. ಮೊದಲ ಕಾಳು ಎತ್ತಿ ಲಾಭ ಎಂದು ಬದಿಗಿಟ್ಟದ್ದು ಅವರಿಗೂ ತಿಳಿಯಲಿಲ್ಲ, ನನಗೂ. ನಲವತ್ತು ವರ್ಷದ ಕೈ. ನಿನ್ನ ಪತ್ರ ಓದಿ ಹೇಳಿದಾಗ ಅವರು ತಮ್ಮ ಕೈಯನ್ನು ಎಷ್ಟೋ ಹೊತ್ತು ನೋಡಿಕೊಂಡರು. "ಮಾಫ್ ಮಾಡಂತ ಬರಿ ಆ ಹುಡುಗಿಗಿ," ಎಂದರು. ಬರೆದಿದ್ದೇನೆ.

ಇನ್ನೂ ಒಂದು ಹೇಳಬೇಕು, ಇದಕ್ಕೆ ನೀನು ಹೆಚ್ಚು ಸಿಟ್ಟಾಗುತ್ತೀ. ನಿನ್ನ ಪಾಳಿ ನಿಲ್ಲುವುದೇ ಇಲ್ಲ. ಇಪ್ಪತ್ತು ಜನ ಎಂದು ನೀನು ಪತ್ರದಲ್ಲಿ ಬರೆದೆ, ಪ್ರೋಗ್ರಾಮಿನಲ್ಲಿ ಬರೆಯಲಿಲ್ಲ. ಒಂದು ಕೂಡಿಸು, ಕರೆ, ಹಿಂದಕ್ಕೆ ಹೋಗು. ನಾನು ನಿಜವಾಗಿ ಯಂತ್ರವಾಗಿದ್ದರೆ ಇವತ್ತೂ ಕರೆಯುತ್ತಲೇ ಕೂತಿರುತ್ತಿದ್ದೆ. ಇಪ್ಪತ್ತಕ್ಕೆ ನಾನೇ ನಿಲ್ಲಿಸಿದೆ. ತಪ್ಪಿಲ್ಲ ಎಂದು ಬರೆದೆ. ಅದು ಸುಳ್ಳು. ಅದಕ್ಕೆ ಕ್ಷಮೆ ಕೇಳುತ್ತೇನೆ.

ಉಳಿದದ್ದಕ್ಕೆ ಕೇಳುವುದಿಲ್ಲ. ಯಾಕೆಂದರೆ ನೀನೂ ಸುಳ್ಳು ಬರೆದೆ. ಆಗಸ್ಟಿನಿಂದ ಬಾವಿಗೆ ನಡೆಯುವವಳು ಅಕ್ಟೋಬರಿನಲ್ಲಿಯೂ ಯಾಕೆ ಪೆನ್ಸಿಲ್ಲಿನಲ್ಲಿ ಬರೆಯುತ್ತಾಳೆ? ಕೂತವರು ಪೆನ್ನಿನಲ್ಲಿ ಬರೆಯುತ್ತಾರೆ ಸುಮಿತ್ರಾ. ನಿನ್ನ ಪ್ರತಿಯೊಂದು ಪತ್ರ ಒಡೆದಾಗ ನಾನು ಮೊದಲು ನೋಡುತ್ತಿದ್ದದ್ದು ಅದನ್ನೇ.

ಶಮಶಾದ


ಸರಸಂಬಾ
5 ನವೆಂಬರ್ 1989

ಶಮಶಾದ,

ಹತ್ತು ದಿನ ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಮೊದಲು ಸಿಟ್ಟಿತ್ತು. ಆಮೇಲೆ ಸಿಟ್ಟಾಗುವ ಶಕ್ತಿಯೂ ಇರಲಿಲ್ಲ.

ಬಾವಿ ನೋಡಿಲ್ಲ. ಆಗಸ್ಟ್ ಮೊದಲ ವಾರವೇ ಗಾಯದಲ್ಲಿ ಕೀವು ಕಂಡಿತು. ಪಟ್ಟಿ ಕಟ್ಟಿದ್ದು, ಬಿಚ್ಚಿದ್ದು, ಮತ್ತೆ ಕಟ್ಟಿದ್ದು, ಇಷ್ಟೇ ನನ್ನ ಮೂರು ತಿಂಗಳು. ಅಜ್ಜಿ ದಿನಾ ನೀರು ಕಾಯಿಸುತ್ತಾಳೆ. ಬೈಯುವುದನ್ನು ನಿಲ್ಲಿಸಿದ್ದಾಳೆ, ಅದಕ್ಕೇ ನನಗೆ ಭಯ. ಈ ತಿಂಗಳು ಹದಿನೇಳಕ್ಕೆ ಮತ್ತೆ ಕೊಯ್ಯುತ್ತಾರೆ. ಪರೀಕ್ಷೆ ಇಪ್ಪತ್ತಕ್ಕೆ. ಲೆಕ್ಕ ನೀನೇ ಮಾಡು, ಕಾಳು ಬೇಕಿಲ್ಲ.

ಪಾಳಿಯನ್ನು ಮತ್ತೆ ಓದಿದೆ. ನಿಲ್ಲುವುದಿಲ್ಲ. ನೀನು ಹೇಳಿದ್ದು ಸರಿ. ಇಷ್ಟು ಸಣ್ಣ ವಿಷಯ ನನಗೆ ಕಾಣಲಿಲ್ಲ, ನಿನಗೆ ಕಂಡಿತು. ನಾನು ಬರೆದೆ, ನೀನು ಮಾಡಿದೆ. ಕಲಿತವಳು ಯಾರು ಎಂದು ಮೇಲೆ ನೋಡುತ್ತ ಯೋಚಿಸಿದೆ. ನೋಡಲು ಮಾಡಿನ ತೊಲೆಗಳನ್ನು ಬಿಟ್ಟರೆ ಬೇರೇನೂ ಇಲ್ಲ.

ನಿನ್ನ ಅರ್ಜಿ ಅಲ್ಲಿದೆ. ನೀನು ಹೋಗು. ನನ್ನ ಪರವಾಗಿ ಹೋಗುತ್ತೇನೆ ಎಂದು ಮಾತ್ರ ಹೋಗಬೇಡ, ಅದು ಮತ್ತೆ ಕನಿಕರ. ನಿನ್ನ ಕೆಲಸ ಹೋಗಿದೆ, ನಿನಗೆ ಕೆಲಸ ಬರುತ್ತದೆ, ಅದಕ್ಕೆ ಹೋಗು. ಸಹಿಯಲ್ಲಿ ಮಾತ್ರ ಎಚ್ಚರ: ಅರ್ಜಿಯಲ್ಲಿ ಹಾಕಿದ ಹಾಗೆ ಕೊನೆಯ ಅಕ್ಷರದ ಬಾಲ ಎಡಕ್ಕೆ ತಿರುಗಲಿ.

ಪುಸ್ತಕವನ್ನೂ ಕಳಿಸುತ್ತಿದ್ದೇನೆ. ಸದ್ಯ ನನಗೆ ಬೇಕಿಲ್ಲ.

ಸುಮಿತ್ರಾ


ಗುಲ್ಬರ್ಗ
21 ನವೆಂಬರ್ 1989

ಸುಮಿತ್ರಾ,

ಇದು ಸೊಲ್ಲಾಪುರದ ಆಸ್ಪತ್ರೆಯ ವಿಳಾಸಕ್ಕೆ ಹೋಗುತ್ತದೆ. ನೀನು ಓದುತ್ತಿದ್ದೀ ಎಂದು ನಂಬಿ ಬರೆಯುತ್ತೇನೆ.

ಅಬ್ಬಾ ಜೊತೆಗೆ ಬಂದಿದ್ದರು. ಬಾಗಿಲಲ್ಲಿ ಅವರೇ ಚಪ್ಪಲಿ ಬಿಟ್ಟರು, ಯಾರೂ ಹೇಳಿರಲಿಲ್ಲ. ನನ್ನ ಸಹಿಯನ್ನು ನಾನೇ ನಕಲು ಮಾಡಿದೆ, ಬಾಲವನ್ನು ಎಡಕ್ಕೇ ತಿರುಗಿಸಿದೆ. ಗುಮಾಸ್ತ ಎರಡು ಸಲ ಹೋಲಿಸಿ ನೋಡಿದ. ಒಳಗೆ ಹದಿನಾಲ್ಕು ಹುಡುಗಿಯರು. ಕೀಲಿಗಳಿಗೆ ಹೆದರದವಳು ನಾನೊಬ್ಬಳೇ, ಟೈಪಿಂಗ್ ಬರುತ್ತದಲ್ಲ.

ಹತ್ತು ಜನರ ವಯಸ್ಸನ್ನು ಯಂತ್ರದಲ್ಲಿ ಸಾಲಾಗಿ ಇಟ್ಟು, ದೊಡ್ಡವರನ್ನು ಹುಡುಕಬೇಕಿತ್ತು. ಕಾಳಿನಲ್ಲಿ ಹೇಗೆ ಹುಡುಕುತ್ತಿದ್ದೆನೋ ಹಾಗೇ ಬರೆದೆ. ಬಂತು. ಪರೀಕ್ಷಕಿ ಹತ್ತಿರ ಬಂದು ಕೇಳಿದರು: "ಹತ್ತು ಸ್ಥಾನ ಕೇಳಿದರೆ ಯಂತ್ರ ನಿಜವಾಗಿ ಎಷ್ಟು ಕೊಡುತ್ತದೆ, ಗೊತ್ತೇನಮ್ಮಾ?" ಹತ್ತೇ ಎಂದೆ. ಅಲ್ಲವಂತೆ. ಹನ್ನೊಂದು. ಅದು ಸೊನ್ನೆಯಿಂದ ಇಡುತ್ತದೆ. ಒಂದಕ್ಕಿಂತ ಮೊದಲು ಒಂದು ಸ್ಥಾನ, ನಾವು ಕೇಳದಿದ್ದರೂ, ಸುಮ್ಮನೆ ಬದಿಗೆ.

ನಾನು ನಕ್ಕುಬಿಟ್ಟೆ. ಹೊರಗೆ ಬಂದು ಅಬ್ಬಾಗೆ ಹೇಳಿದೆ. ಅವರು "ಮತ್ತ? ನಿನ್ ಗೆಳತಿಗಿ ಬರಿ ಇದನ್ನ," ಎಂದರು. ಆ ಅರವತ್ತು ಸೇರಿನ ನಂತರ ಅವರು ನಾಚಿ ಕೈಯನ್ನು ಹೆಗಲ ವಸ್ತ್ರದೊಳಗೆ ಅಡಗಿಸಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಜೇವರ್ಗಿಯವರೆಗೂ ಅಡಗಿಸಲಿಲ್ಲ ಎಂದು ನನಗೆ ಅನ್ನಿಸುತ್ತದೆ; ನಾನು ಇಲ್ಲಿ ಉಳಿದೆ, ಅವರು ಒಬ್ಬರೇ ಹೋದರು. ಫಲಿತಾಂಶ ನಾಳಿದ್ದು.

ನೀನು ಎದ್ದಿದ್ದೀಯಾ?

ಶಮಶಾದ


ಗುಲ್ಬರ್ಗ
29 ಡಿಸೆಂಬರ್ 1989

ಸುಮಿತ್ರಾ,

ಐದು ವಾರ ನಿನ್ನದು ಒಂದಕ್ಷರವಿಲ್ಲ. ಮೊನ್ನೆ ಕವರು ಒಡೆದರೆ ಮಾತೇ ಇಲ್ಲ, ಬರೀ ಪ್ರೋಗ್ರಾಮು, ಎಂಟು ಸಾಲು, ಪೆನ್ಸಿಲ್ಲಿನಲ್ಲಿ. ಮತ್ತೆ ಪಾಳಿ. ಬದುಕಿದ್ದೀ ಎಂದು ಅದರಿಂದಲೇ ತಿಳಿದುಕೊಂಡೆ. ಇನ್ನು ಮುಂದೆ ಒಂದು ಸಾಲು ನಂಬರಿಲ್ಲದೆಯೂ ಬರೆ.

ನನಗೆ ಸೀಟು ಸಿಕ್ಕಿದ್ದು ಹಿಂದೆಯೇ ಬರೆದಿದ್ದೆ. ಎರಡನೆಯ ಸೀಟು ಯಾರಿಗೂ ಕೊಟ್ಟಿಲ್ಲ. ಜೂನಿಗೆ ಮತ್ತೆ ಪರೀಕ್ಷೆ ಇಡುತ್ತಾರಂತೆ.

ನೀನು ಕಳಿಸಿದ್ದನ್ನು ಕಳಿಸಿದ ಹಾಗೆ ಟೈಪು ಮಾಡಿದೆ. ಒಂದು ಚುಕ್ಕೆಯನ್ನೂ ಮುಟ್ಟಲಿಲ್ಲ. ತಪ್ಪು ಕಣ್ಣಿಗೆ ಕಂಡಿತು, ಕೈ ತಡೆದುಕೊಂಡೆ. ಅಷ್ಟು ಕಷ್ಟದ ಕೆಲಸವನ್ನು ಇಲ್ಲಿ ಇನ್ನೂ ಕಲಿಸಿಲ್ಲ. ಯಂತ್ರ ಏನು ಹೇಳಿತೋ ಅದು ಈ ಕಾಗದದಲ್ಲಿದೆ. ಎರಡೂ ಅಂಚಿನಲ್ಲಿ ಅಚ್ಚಿನ ಯಂತ್ರ ಕಾಗದ ಹಿಡಿದೆಳೆಯುವ ತೂತುಗಳಿವೆ ನೋಡು. ಅದು ನಾನು ಬರೆದದ್ದಲ್ಲ ಎಂಬುದಕ್ಕೆ ಗುರುತು.

ಶಮಶಾದ


ಸರಸಂಬಾ
11 ಜನವರಿ 1990

ಶಮಶಾದ,

ಕಾಗದ ಬಂತು. ತೂತುಗಳನ್ನು ಅಜ್ಜಿ ಬೆರಳಿಂದ ಮುಟ್ಟಿ ನೋಡಿದಳು. "ಇಲಿ ಕಡದದ್ದನ್ನ ಕಳಿಸ್ಯಾಳೇನ್ ಬೇ ಆಕಿ?" ಬೈಯಲು ಶುರು ಮಾಡಿದ್ದಾಳೆ.

ಒಂದರಿಂದ ಇಪ್ಪತ್ತರವರೆಗೆ ಎಲ್ಲರನ್ನೂ ಕರೆದಿದೆ. ಆಮೇಲೆ ಒಂದೇ ಸಾಲು: ಅರವತ್ತನೆಯ ಸಾಲು ಹೋಗು ಎಂದು ಹೇಳಿದ ಕಡೆ ಯಾವ ಸಾಲೂ ಇಲ್ಲ. ಎಲ್ಲರ ಪಾಳಿ ಮುಗಿದರೆ ತೊಂಬತ್ತಕ್ಕೆ ಹೋಗು ಎಂದು ಬರೆದಿದ್ದೆ. ತೊಂಬತ್ತನ್ನು ಬರೆದೇ ಇರಲಿಲ್ಲ. ಬರೆಯುವಷ್ಟರಲ್ಲಿ ಪಟ್ಟಿ ಬಿಚ್ಚುವ ಹೊತ್ತಾಗಿತ್ತು, ಸುಸ್ತಾಗಿತ್ತು, ನಾಳೆ ಬರೆದರಾಯಿತು ಎಂದು ಮಲಗಿದ್ದೆ. ಯಂತ್ರ ಅದನ್ನೆಲ್ಲ ಕೇಳಲಿಲ್ಲ. ಇಲ್ಲ ಎಂದಿತು, ಅಷ್ಟೇ. ಎಷ್ಟು ದಿನದ ಮೇಲೆ ಒಬ್ಬರು ನನಗೆ ಹಾಗೆ ಹೇಳಿದ್ದು!

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಇದೇ ಕಾಗದ ಆಗಸ್ಟಿನಲ್ಲಿ ಬಂದಿದ್ದರೆ ಪುಸ್ತಕವನ್ನು ಒಲೆಗೆ ಹಾಕುತ್ತಿದ್ದೆ. ಅಬ್ಬಾಗೆ ಹೇಳು, ಮೊದಲು ಹಾಕಿದ ಗಂಗಾಬಾಯಿಯ ಸೇರು ಗಡಿಗೆಯಲ್ಲಿ ಗಂಟು ಕಟ್ಟಿ ಬೇರೆಯಾಗಿಯೇ ಇದೆ. ಅಜ್ಜಿ ಅದನ್ನು ಕಲಸಲು ಬಿಡಲಿಲ್ಲ. ಡಿಸೆಂಬರಿನಲ್ಲಿ ಅದರ ಗಂಜಿ ಕುಡಿಯುವ ಪಾಳಿ ನನ್ನದೇ ಬಂತು, ಅರ್ಧ ಕುಡಿದೆ, ಅರ್ಧ ಉಳಿಸಿದ್ದಾರೆ.

ಪುಸ್ತಕ ವಾಪಸ್ಸು ಕಳಿಸು. ಜೂನಿಗೆ ಐದು ತಿಂಗಳಿದೆ.

ತೊಂಬತ್ತನೆಯ ಸಾಲು ಕೆಳಗಿದೆ. ಗೋಡೆಗೆ ಒರಗಿ ಕೂತು ಬರೆದದ್ದು. ಶಾಯಿ ಸ್ವಲ್ಪ ಹರಡಿದೆ, ನೋಡಿಕೊಂಡು ಓದು.

ಸುಮಿತ್ರಾ

90 ಮುಗಿಯಿತು